ಬೇಕಲದ ಕೋಟೆಯೂ ನಮ್ಮ ಹಿತ್ತಲ ಬಾವಿಯೂ

ಚಿಗಟೇರಿಯವರಾದ ನಮಗೆ ಸಮುದ್ರವೆಂಬುದು ಪುರಾಣದಲ್ಲಿ ಕೇಳಿದ ಮಾತು. ಊರ ನಾರದಮುನಿಯ ಗುಡಿ, ಜೋಳದ ಹೊಲಗಳು, ಬೇಸಿಗೆಯಲ್ಲಿ ತಳ ಕಾಣುವ ಕೆರೆ, ಇವೇ ನಮ್ಮ ಪ್ರಪಂಚ. ಕೋಟೆಯೆಂದರೆ ನಮ್ಮ ಹರಪನಹಳ್ಳಿಯ ಸೀಮೆಯ ಉಚ್ಚಂಗಿದುರ್ಗವೇ. ಎಪ್ಪತ್ತು ದಾಟಿದ ನಮ್ಮ ಅವ್ವನಿಗೆ ಒಮ್ಮೆ ಕಡಲನ್ನು ಕಾಣಬೇಕೆಂಬ ಆಸೆ ಬಹುಕಾಲದಿಂದ ಇದ್ದಿತು.

ಆ ಆಸೆಯನ್ನು ನಾವು ಅಣ್ಣತಮ್ಮಂದಿರು ಈಡೇರಿಸಲು ಹೊರಟುದು ಕೇವಲ ಮಾತೃಭಕ್ತಿಯಿಂದಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆವು. ಹಿತ್ತಲ ಹಳೆಯ ಬಾವಿಯನ್ನು ಮುಚ್ಚಿಸಿ, ಆ ಜಾಗದಲ್ಲಿ ಒಂದು ಕೋಣೆ ಕಟ್ಟಿಸಬೇಕೆಂದು ನಾವು ನಿಶ್ಚಯಿಸಿದ್ದೆವು. ನಲ್ಲಿಯಲ್ಲಿ ನೀರು ಬರುತ್ತಿರುವಾಗ ಬಾವಿಯೇತಕ್ಕೆ? ಅವ್ವ ಜಗಳವಾಡಲಿಲ್ಲ, ಮಾತು ಬಿಟ್ಟಳು. ಪ್ರವಾಸದಿಂದ ಆಕೆಯ ಮನಸ್ಸು ಕರಗೀತೆಂದು ನಮ್ಮ ಎಣಿಕೆ.

ದಾವಣಗೆರೆಯಿಂದ ರಾತ್ರಿಯ ಬಸ್ಸಿನಲ್ಲಿ ಘಟ್ಟ ಇಳಿದು ಮಂಗಳೂರಿಗೂ, ಅಲ್ಲಿಂದ ರೈಲಿನಲ್ಲಿ ಕಾಸರಗೋಡಿಗೂ ಹೋದೆವು. ಬೇಕಲವು ಅಲ್ಲಿಂದ ತೆಂಕಣಕ್ಕೆ ಹತ್ತು ಮೈಲಿ. ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಹಳೆಯ ಊರು 1956ರಲ್ಲಿ ಕೇರಳಕ್ಕೆ ಹೋಯಿತು. ಕಡಲೊಳಕ್ಕೆ ಚಾಚಿದ ಗುಡ್ಡದ ಮೇಲೆ ಸುಮಾರು ನಲವತ್ತು ಎಕರೆಯಷ್ಟು ವಿಸ್ತಾರದ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕನು ಇದನ್ನು ಕಟ್ಟಿಸಿದನೆಂದು ಪ್ರಸಿದ್ಧಿ. 1763ರಲ್ಲಿ ಬಿದನೂರು ಬಿದ್ದ ತರುವಾಯ ಇದು ಹೈದರಾಲಿಯ ವಶವಾಯಿತು. ಟಿಪ್ಪುವಿನ ಕಾಲದ ಅನಂತರ ಇಂಗ್ಲಿಷರ ಕೈಸೇರಿತು.

ಬಾಗಿಲಲ್ಲಿರುವ ಮುಖ್ಯಪ್ರಾಣನಿಗೆ ಕೈಮುಗಿದು ಒಳಹೊಕ್ಕೆವು. ಗೋಡೆಗಳೆಲ್ಲ ಕೆಂಪು ಮುರಕಲ್ಲಿನವು. ನಡುವಿನ ಕಾವಲು ಬುರುಜನ್ನು ಏರುವದಕ್ಕೆ ಅಗಲವಾದ ಓರೆದಾರಿಯಿರುವದರಿಂದ, ಮಂಡಿನೋವಿನ ಅವ್ವನೂ ನಮ್ಮ ಹೆಗಲು ಹಿಡಿದು ಮೇಲೇರಿದಳು. ಪಡುವಣಕ್ಕೆ ಕಣ್ಣು ಹರಿಯುವಷ್ಟು ದೂರವೂ ನೀರೇ ನೀರು! ಆಕೆ ಬಹಳ ಹೊತ್ತು ನೋಡಿ, ಎಷ್ಟೋ ದಿನಗಳ ಮೇಲೆ ನಮ್ಮೊಡನೆ ಮಾತಾಡಿದಳು:

“ಇಷ್ಟು ನೀರು ಐತಿ, ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲೇನಪ್ಪ?”

“ಇಲ್ಲವ್ವ, ಬರೇ ಉಪ್ಪು.”

“ಹಂಗಾರ ಇಲ್ಲಿದ್ದ ಮಂದಿ ಏನು ಕುಡೀತಿದ್ರು?”

ನಾವು ತೋಪುಗಳ ಕಿಂಡಿಗಳನ್ನೂ ಮದ್ದಿನ ಮನೆಯನ್ನೂ ತೋರಿಸಬೇಕೆಂದಿದ್ದೆವು. ಆಕೆಗೆ ಅವು ಬೇಡವಾದವು. ಬುರುಜಿನಿಂದ ಇಳಿದು, ಕೋಟೆಯೊಳಗಣ ಕೊಳವನ್ನು ಹುಡುಕಿಸಿದಳು. ಕಲ್ಲು ಮೆಟ್ಟಿಲುಗಳಿಳಿದ ಆ ಕೊಳದಲ್ಲಿ ಪಾಚಿಗಟ್ಟಿದ ನೀರಿತ್ತು. ಮೇಲಣ ಮೆಟ್ಟಿಲಲ್ಲಿ ಕುಳಿತು, “ಉಚ್ಚಂಗಿ ಗುಡ್ಡದ ಮ್ಯಾಲೂ ಹೊಂಡ ಅದಾವು. ಕಟ್ಟಿದೋರಿಗೆ ಬುದ್ಧಿ ಇತ್ತು,” ಎಂದಳು. ಬಾವಿಯ ಹೆಸರನ್ನೇ ಎತ್ತಲಿಲ್ಲ.

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ವೈರಿಯು ಮುತ್ತಿದಾಗ ಬಾಗಿಲು ಮುಚ್ಚಿದ ಕೋಟೆಯನ್ನು ಕಾಯುವದು ತೋಪಿಗಿಂತ ಮೊದಲು ನೀರು. ಕಡಲು ಕಾಲಬಳಿಯಿದ್ದರೂ ಕಟ್ಟಿದವರು ಅದನ್ನು ನಂಬಲಿಲ್ಲ. ವರ್ಷಕ್ಕೊಂದು ಬರ ಕಾಣುವ ಸೀಮೆಯಲ್ಲಿ ಹುಟ್ಟಿದ ನಾವು ಮಾತ್ರ ಒಂದು ನಲ್ಲಿಯನ್ನು ನಂಬಿ, ಅವ್ವ ಸೊಸೆಯಾಗಿ ಬಂದಂದಿನಿಂದ ಸೇದಿದ ಬಾವಿಗೆ ಮಣ್ಣು ಹಾಕಲು ಹೊರಟಿದ್ದೆವು!

ಊರಿಗೆ ಬಂದ ಮೇಲೆ ಬಾವಿಯ ಹೂಳೆತ್ತಿಸಿ, ಮಾಳಿಗೆಯ ಮಳೆನೀರು ಅದರೊಳಕ್ಕೆ ಇಳಿಯುವಂತೆ ಕೊಳವೆ ಹಾಕಿಸಿದೆವು. ಕೋಣೆಯಿನ್ನೂ ಆಗಿಲ್ಲ, ಮಕ್ಕಳು ಪಡಸಾಲೆಯಲ್ಲಿಯೇ ಓದಿಕೊಳ್ಳುತ್ತಾರೆ. ಅವರು ಸಮುದ್ರ ಹೇಗಿತ್ತೆಂದು ಕೇಳಿದರೆ ಅವ್ವ, “ದೊಡ್ಡದೈತಿ, ಆದ್ರ ನಮ್ಮ ಬಾವಿ ನೀರು ಸಿಹಿ,” ಎನ್ನುತ್ತಾಳೆ.