ತಾತ ಬಿಟ್ಟು ಬಂದ ವಲ್ಲಿ

2022ರ ಮಾರ್ಚ್ 2, ಬೂದಿ ಬುಧವಾರ. ಉಕ್ರೇನಿನ ಶಾಂತಿಗಾಗಿ ಆ ದಿನ ಲೋಕದ ವಿಶ್ವಾಸಿಗಳೆಲ್ಲ ಉಪವಾಸವಿದ್ದು ಪ್ರಾರ್ಥಿಸಬೇಕೆಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಕರೆ ನೀಡಿದ್ದರು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಸಂಜೆಯ ಬಲಿಪೂಜೆಯಲ್ಲಿ ಕುಳಿತಿದ್ದ ನನಗೆ ಉಕ್ರೇನ್ ಎಂಬುದು ಪತ್ರಿಕೆಯ ಸುದ್ದಿಯಾಗಿರಲಿಲ್ಲ. ಚಿಂತಾಮಣಿಯಲ್ಲಿರುವ ನನ್ನ ತಂಗಿಯ ಮಗಳು ವೈದ್ಯಕೀಯ ಓದಲೆಂದು ಖಾರ್ಕಿವ್ ನಗರಕ್ಕೆ ಹೋಗಿದ್ದಳು. ಹಣೆಗೆ ಬೂದಿ ಹಚ್ಚಿಸಿಕೊಂಡು ನಾನು ಮರಳಿ ನನ್ನ ಜಾಗಕ್ಕೆ ಬರುವ ಆ ಗಳಿಗೆಯಲ್ಲಿ ಅವಳು ಹಿಮ ಬಿದ್ದ ರಸ್ತೆಯಲ್ಲಿ ನೂರಾರು ಮಂದಿ ಭಾರತೀಯ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯಲ್ಲಿ ನಗರ ಬಿಡುತ್ತಿದ್ದಳೆಂಬುದು ನನಗೆ ತಿಳಿದದ್ದು ಮರುದಿನ. ಸಂಜೆ ಆರು ಗಂಟೆಯೊಳಗೆ ಖಾರ್ಕಿವ್ ಬಿಟ್ಟು ಪಿಸೋಚಿನ್ ಮೊದಲಾದ ಹೊರವಲಯದ ಊರುಗಳನ್ನು ಸೇರಿಕೊಳ್ಳಿರಿ, ವಾಹನ ಸಿಗದಿದ್ದರೆ ನಡೆದೇ ಹೋಗಿರಿ ಎಂದು ನಮ್ಮ ರಾಯಭಾರ ಕಚೇರಿ ಅಂದು ತಿಳಿಸಿತ್ತು. ಅದರ ಹಿಂದಿನ ದಿನವಷ್ಟೇ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅದೇ ನಗರದಲ್ಲಿ ಆಹಾರಕ್ಕಾಗಿ ಸಾಲಿನಲ್ಲಿ ನಿಂತಿದ್ದಾಗ ದಾಳಿಗೆ ಬಲಿಯಾಗಿದ್ದ. ಮೂರು ವಾರಗಳ ಮೇಲೆ ಊರಿಗೆ ಬಂದ ಮಗನ ದೇಹವನ್ನು ಅವನ ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ಆ ತಾಯಿಯನ್ನು ನೆನೆದಾಗ ನಮ್ಮ ಮನೆಯ ಹುಡುಗಿ ಬದುಕಿ ಬಂದಳೆಂದು ಹೇಳಿಕೊಳ್ಳಲು ಇಂದಿಗೂ ನಾಲಿಗೆ ತಡವರಿಸುತ್ತದೆ.

ಅವಳು ಬಂದಳು. ಪೋಲೆಂಡಿನ ಗಡಿ ದಾಟಿ, ಆಪರೇಷನ್ ಗಂಗಾ ವಿಮಾನದಲ್ಲಿ ದೆಹಲಿಗೆ, ಅಲ್ಲಿಂದ ಮನೆಗೆ. ಚಿಂತಾಮಣಿಯಲ್ಲಿ ನೋಡಲು ಬರುವವರ ಕಾಟ ತಡೆಯಲಾರದೆ ತಂಗಿ ಅವಳನ್ನು ನನ್ನ ಬಳಿಗೆ ಕಳುಹಿಸಿದಳು. ಆದರೆ ಶಿಡ್ಲಘಟ್ಟದಲ್ಲೇನು ಜನ ಕಡಿಮೆಯೇ? ನಮ್ಮ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕುಟುಂಬಗಳೇ ಹೆಚ್ಚು. ಆ ವಾರವೆಲ್ಲ ನನ್ನನ್ನು ಕಂಡಾಗಲೆಲ್ಲ ‘ಮಗು ಫೋನ್ ಮಾಡಿತಾ ಟೀಚರ್?’ ಎಂದು ವಿಚಾರಿಸುತ್ತಿದ್ದ ಮುಸಲ್ಮಾನ ತಾಯಂದಿರು ಈಗ ಸೇಮಿಗೆ ಪಾಯಸದ ಪಾತ್ರೆ ಹಿಡಿದು ಬಂದರು. ಹುಡುಗಿ ಎಲ್ಲರಿಗೂ ಕೈಮುಗಿದು ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಹೆದರಿಕೆ ಇನ್ನೂ ಇಳಿದಿಲ್ಲವೆಂದು ನಾನು ಭಾವಿಸಿದ್ದೆ.

ಒಂದು ರಾತ್ರಿ ಅವಳೇ ಹೇಳಿದಳು: ‘ದೊಡ್ಡಮ್ಮಾ, ಎಲ್ಲರೂ ನನ್ನನ್ನು ಧೈರ್ಯವಂತೆ ಅಂತಾರೆ. ನಾನು ಓಡಿಬಂದವಳು.’

ಅವಳಿದ್ದ ಹಾಸ್ಟೆಲಿಗೆ ಅರವತ್ತು ದಾಟಿದ ಒಬ್ಬ ಮೇಲ್ವಿಚಾರಕಿ ಇದ್ದರಂತೆ. ಮೊದಲ ದಿನಗಳಲ್ಲಿ ಈ ಮಕ್ಕಳು ನೆಲಮಾಳಿಗೆಯಲ್ಲಿ ಕೂತಿದ್ದಾಗ ಆಕೆಯೇ ನೀರು, ಬ್ರೆಡ್ಡು ತಂದುಕೊಡುತ್ತಿದ್ದರಂತೆ. ಹೊರಡುವ ದಿನ ಇವರು, ‘ನೀವೂ ಬನ್ನಿ, ಗಡಿಯವರೆಗಾದರೂ ಬನ್ನಿ’ ಎಂದು ಕರೆದಾಗ ಆಕೆ ಬೀಗದ ಕೈಗೊಂಚಲನ್ನು ತೋರಿಸಿ, ‘ನಾನು ಬಂದರೆ ಬಾಗಿಲು ಹಾಕಿಕೊಳ್ಳುವವರು ಯಾರು?’ ಎಂದರಂತೆ. ಅಷ್ಟೇ. ದೇಶದ ಮಾತಿಲ್ಲ, ತ್ಯಾಗದ ಮಾತಿಲ್ಲ. ಆ ಬೀಗದ ಕೈಗಳ ಸದ್ದು ಕಿವಿಯಲ್ಲಿ ಇನ್ನೂ ಇದೆ ಎಂದು ಹುಡುಗಿ ಅತ್ತಳು.

ಅವಳನ್ನು ಸಮಾಧಾನಪಡಿಸಲು ನನಗೆ ಮಾತು ಸಿಗಲಿಲ್ಲ. ನೆನಪಿಗೆ ಬಂದವರು ನನ್ನ ತಾಯಿಯ ತಂದೆ. ಆ ಕಥೆಯನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

1938ರಲ್ಲಿ ತಾತನಿಗೆ ಇಪ್ಪತ್ತು ವರ್ಷ, ಆಗತಾನೆ ಮದುವೆಯಾಗಿತ್ತು. ಗೌರಿಬಿದನೂರಿನ ಪುರಿ ವ್ಯಾಪಾರಿಯೊಬ್ಬರ ಬಳಿ ಕೂಲಿಗಿದ್ದರು. ಏಪ್ರಿಲ್ ತಿಂಗಳಲ್ಲಿ ವಿದುರಾಶ್ವತ್ಥದ ಜಾತ್ರೆಗೆ ಪುರಿಯ ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಹೋದರು. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿರುವ ಪುಟ್ಟ ಊರು ಅದು. ಮಹಾಭಾರತದ ವಿದುರ ನೆಟ್ಟನೆಂದು ಜನ ನಂಬುವ ಅರಳಿಮರದಿಂದ ಅದಕ್ಕೆ ಆ ಹೆಸರು. ಆ ಹಳೆಯ ಮರ 2001ರಲ್ಲಿ ಉರುಳಿಬಿತ್ತು. ಅದರ ಸುತ್ತ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಲೆಕ್ಕವಿಲ್ಲದಷ್ಟು ನಾಗರಕಲ್ಲುಗಳು ಈಗಲೂ ಇವೆ.

ಅದೇ ತಿಂಗಳ ಎರಡನೆಯ ವಾರದಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು, ನಿಷೇಧವನ್ನು ಮೀರಿ ತ್ರಿವರ್ಣಧ್ವಜ ಏರಿತ್ತು. ಆ ಕಿಡಿ ಊರೂರಿಗೆ ಹಬ್ಬಿತು. ಗೌರಿಬಿದನೂರು ಸೀಮೆಯಲ್ಲಿ ಎನ್.ಸಿ. ನಾಗಯ್ಯರೆಡ್ಡಿಯವರಂಥ ಮುಖಂಡರು ಜನರನ್ನು ಸಂಘಟಿಸಿದರು. ಸರಕಾರ ಧ್ವಜಕ್ಕೂ ಸಭೆಗೂ ನಿಷೇಧಾಜ್ಞೆ ಹೊರಡಿಸಿತು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರಕಾರದ ಲೆಕ್ಕದಲ್ಲಿ ಹತ್ತು ಮಂದಿಯ ಆಸುಪಾಸು. ಜನರ ಲೆಕ್ಕ ಮೂವತ್ತೆರಡು. ಎಂಬತ್ತಕ್ಕೂ ಹೆಚ್ಚು ವರ್ಷಗಳಾದವು, ಈ ಎರಡು ಲೆಕ್ಕಗಳು ಇನ್ನೂ ಒಂದಾಗಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ವಿದುರಾಶ್ವತ್ಥವನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿ. ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಬ್ರಿಟಿಷ್ ಅಧಿಕಾರಿ. ಇಲ್ಲಿ ಗುಂಡು ಹಾರಿಸಿದ್ದು ನಮ್ಮದೇ ಮೈಸೂರು ಸಂಸ್ಥಾನದ ಪೊಲೀಸರು. ವಿದ್ಯುತ್ತು, ಅಣೆಕಟ್ಟು, ಶಾಲೆಗಳಿಗಾಗಿ ‘ಮಾದರಿ ಸಂಸ್ಥಾನ’ವೆಂದು ಹೆಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ರಾಜ್ಯ, ಸರ್ ಮಿರ್ಜಾ ಇಸ್ಮಾಯಿಲ್ಲರಂಥ ಸಮರ್ಥ ದಿವಾನರ ಆಡಳಿತ. ಒಳ್ಳೆಯ ಆಡಳಿತಕ್ಕೂ ಒಂದು ತುಂಡು ಬಟ್ಟೆ ಅಷ್ಟು ಭಯ ಹುಟ್ಟಿಸಿತು. ನಮ್ಮ ಪಠ್ಯಪುಸ್ತಕಗಳು ಈ ಮಾತನ್ನು ಬಹಳ ಮೆಲ್ಲಗೆ ಹೇಳುತ್ತವೆ.

ತಾತ ಧ್ವಜಕ್ಕಾಗಿ ಹೋದವರಲ್ಲ, ಪುರಿ ಮಾರಲು ಹೋದವರು. ಜನ ಸೇರಿದ್ದನ್ನು ಕಂಡು ಕುತೂಹಲದಿಂದ ಗುಂಪಿನೊಳಗೆ ನುಗ್ಗಿದರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬ ಇವರ ಹೆಗಲ ಮೇಲೆ ಕೈಯಿಟ್ಟು, ‘ಜೋರಾಗಿ ಕೂಗಪ್ಪಾ’ ಎಂದನಂತೆ, ಇವರೂ ಕೂಗಿದರು. ಗುಂಡಿನ ಸದ್ದಾದಾಗ ಆ ಮನುಷ್ಯ ಕೆಳಗೆ ಬಿದ್ದು ಇವರ ವಲ್ಲಿಯ ತುದಿಯನ್ನು ಹಿಡಿದುಕೊಂಡ. ತಾತ ವಲ್ಲಿಯನ್ನು ಅವನ ಕೈಯಲ್ಲೇ ಬಿಟ್ಟು ಒಣಗಿದ ಹೊಳೆಯ ಮರಳಿನಲ್ಲಿ ಓಡಿದರು. ರೈಲುಹಳಿ ಹಿಡಿದು ಗೌರಿಬಿದನೂರು ಸೇರಿದರು. ಅದು ಮದುವೆಯಲ್ಲಿ ಮಾವನ ಮನೆಯವರು ಹೊದಿಸಿದ ವಲ್ಲಿ. ಕಳೆದುಹೋಯಿತೆಂದು ಅಜ್ಜಿಗೆ ಹೇಳಿದರು. ಅಜ್ಜಿ ಸಾಯುವವರೆಗೂ ಹಾಗೆಯೇ ನಂಬಿದ್ದರು.

1986ರಲ್ಲಿ ನಾನು ಶಾಲೆಯ ಮಕ್ಕಳನ್ನು ವಿದುರಾಶ್ವತ್ಥದ ಸ್ಮಾರಕಕ್ಕೆ ಕರೆದೊಯ್ದು ಬಂದ ಸಂಜೆ, ನಮ್ಮ ಮನೆಯ ತೆಲುಗಿನಲ್ಲಿ, ನನ್ನ ಮುಖ ನೋಡದೆ ತಾತ ಇದನ್ನು ಹೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಆ ಕಲ್ಲಿನಲ್ಲಿ ಎಲ್ಲರ ಹೆಸರೂ ಇದೆಯೇನಮ್ಮಾ?’ ಪಕ್ಕದಲ್ಲಿದ್ದವನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಗೆತ್ಸೆಮನೆಯ ತೋಟದಲ್ಲಿ ಬಂಧಿಸಲು ಬಂದವರು ಹಿಡಿದಾಗ ಹೊದ್ದ ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಬರಿಮೈಯಲ್ಲಿ ಓಡಿಹೋದ ಯುವಕನೊಬ್ಬನ ಪ್ರಸ್ತಾಪ ಮಾರ್ಕನ ಶುಭಸಂದೇಶದಲ್ಲಿದೆ. ಎರಡೇ ಎರಡು ವಚನ; ಅವನು ಯಾರು, ಮುಂದೇನಾದ ಎಂಬುದು ಅಲ್ಲಿಲ್ಲ. ಗರಿಗಳ ಭಾನುವಾರ ಯಾತನೆಯ ವೃತ್ತಾಂತದಲ್ಲಿ ಆ ಭಾಗ ಬಂದಾಗಲೆಲ್ಲ ನನಗೆ ಕಾಣಿಸುವುದು ತಾತನ ಬರಿಯ ಹೆಗಲು.

ಇದನ್ನೆಲ್ಲ ಕೇಳಿದ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ‘ಮುತ್ತಾತನ ಮನೆಮಾತು ತೆಲುಗು, ಅಲ್ಲವೇ?’ ಎಂದಳು. ಯಾಕೆ ಕೇಳಿದಳೆಂದು ಮೊದಲು ನನಗೆ ಹೊಳೆಯಲಿಲ್ಲ. ಆ ಮೇಲ್ವಿಚಾರಕಿಯ ಮನೆಮಾತು ರಷ್ಯನ್ ಅಂತೆ. ಖಾರ್ಕಿವ್ ರಷ್ಯದ ಗಡಿಗೆ ನಲವತ್ತು ಕಿಲೋಮೀಟರಿನೊಳಗಿನ ನಗರ. ಅಲ್ಲಿ ಬಹುಮಂದಿ ಆಡುವ ಮಾತು ರಷ್ಯನ್. ರಷ್ಯನ್ ಭಾಷಿಕರನ್ನು ರಕ್ಷಿಸಲು ಬಂದಿದ್ದೇವೆಂದು ಹೇಳಿಕೊಂಡ ಸೈನ್ಯವೇ ಆ ರಷ್ಯನ್ ಭಾಷಿಕರ ಮನೆಗಳ ಮೇಲೆ ಬಾಂಬು ಹಾಕಿತು. ‘ನನ್ನ ಭಾಷೆ ಯಾವುದೆಂದು ನಾನು ಅವರನ್ನು ಕೇಳಿದ್ದೆನೇ?’ ಎಂದು ಆಕೆ ಅದೇ ರಷ್ಯನ್ ಭಾಷೆಯಲ್ಲಿ ಬೈಯುತ್ತಿದ್ದರಂತೆ.

ನಮ್ಮ ಸೀಮೆಯವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಗೌರಿಬಿದನೂರು, ಚಿಂತಾಮಣಿಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ಇವೆರಡರ ಜೊತೆಗೆ ಉರ್ದು. ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅವರು ಯಾವ ರಾಜ್ಯದವರೆಂದು ಇಲ್ಲಿ ಯಾರೂ ಕೇಳುವುದಿಲ್ಲ. ವಿದುರಾಶ್ವತ್ಥದಲ್ಲಿ ಸೇರಿದವರಲ್ಲಿ ಎಷ್ಟು ಮಂದಿಯ ಮನೆಮಾತು ಕನ್ನಡವಾಗಿತ್ತು, ಎಷ್ಟು ಮಂದಿಯದು ತೆಲುಗಾಗಿತ್ತು ಎಂದು ಪೊಲೀಸರೂ ನೋಡಲಿಲ್ಲ. ನೋಡಿದ್ದು ಧ್ವಜವನ್ನು. ಉಕ್ರೇನಿನ ನೀಲಿ–ಹಳದಿ ಧ್ವಜಕ್ಕೂ ಇಂಥದೇ ಚರಿತ್ರೆಯಿದೆ. ಸೋವಿಯತ್ ಆಳ್ವಿಕೆಯಲ್ಲಿ ಅದನ್ನು ಹಾರಿಸುವುದು ಅಪರಾಧವಾಗಿತ್ತು. 1990ರ ಜುಲೈ 24ರಂದು ಅದು ಕೀವ್ ನಗರಸಭೆಯ ಮುಂದೆ ಏರಿದಾಗ ದೇಶ ಇನ್ನೂ ಸ್ವತಂತ್ರವಾಗಿರಲಿಲ್ಲ. ಸ್ವಾತಂತ್ರ್ಯ ಘೋಷಣೆಯಾದದ್ದು 1991ರ ಆಗಸ್ಟ್ 24ರಂದು. ಅಲ್ಲಿಯೂ ಇಲ್ಲಿಯೂ ಧ್ವಜ ಮೊದಲು ಬಂತು, ಸ್ವಾತಂತ್ರ್ಯ ಅದರ ಹಿಂದೆ ನಡೆದು ಬಂತು.

ನಾಯಕರ ಮಾತಿಗೆ ಬಂದರೆ, ವೊಲೊದಿಮಿರ್ ಝೆಲೆನ್ಸ್ಕಿ ಟಿ.ವಿ. ಧಾರಾವಾಹಿಯಲ್ಲಿ ಅಧ್ಯಕ್ಷನ ಪಾತ್ರ ಮಾಡಿ, 2019ರಲ್ಲಿ ನಿಜವಾದ ಅಧ್ಯಕ್ಷರಾದ ಹಾಸ್ಯನಟ. ಯುದ್ಧ ಆರಂಭವಾದ ಮರುದಿನ, 2022ರ ಫೆಬ್ರವರಿ 25ರ ರಾತ್ರಿ, ಅವರು ಓಡಿಹೋದರೆಂಬ ಪುಕಾರು ಹಬ್ಬಿದ್ದಾಗ ಸಹೋದ್ಯೋಗಿಗಳೊಡನೆ ಕೀವ್ ನಗರದ ಬೀದಿಯಲ್ಲಿ ನಿಂತು, ನಾವೆಲ್ಲ ಇಲ್ಲಿಯೇ ಇದ್ದೇವೆ ಎಂದು ಫೋನಿನಲ್ಲಿ ಚಿತ್ರೀಕರಿಸಿ ತೋರಿಸಿದರು. ಅರ್ಧ ನಿಮಿಷದಷ್ಟರ ಆ ದೃಶ್ಯವನ್ನು ನೆಲಮಾಳಿಗೆಯಲ್ಲಿ ಕೂತು ನೋಡಿದಾಗ ಮೇಲ್ವಿಚಾರಕಿ ಎದ್ದುಹೋಗಿ ಎಲ್ಲರಿಗೂ ಚಹಾ ಮಾಡಿಕೊಂಡು ಬಂದರಂತೆ. ನಾಯಕನಾದವನು ಇದ್ದಾನೆಂಬುದೇ ಕೆಲವೊಮ್ಮೆ ಸಾಕಾಗುತ್ತದೆ. ಹಾಗೆಂದು ನಾನು ಆ ಮನುಷ್ಯನನ್ನು ಪೀಠದ ಮೇಲೆ ಕೂರಿಸಲಾರೆ. 2025ರ ಜುಲೈನಲ್ಲಿ ಭ್ರಷ್ಟಾಚಾರ ತಡೆಯುವ ಸಂಸ್ಥೆಗಳ ಕೈಕಟ್ಟುವ ಕಾಯಿದೆಗೆ ಅವರು ಸಹಿ ಹಾಕಿದಾಗ, ಕ್ಷಿಪಣಿಗಳು ಬೀಳುತ್ತಿದ್ದ ಕಾಲದಲ್ಲಿಯೇ ಯುವಕರು ರಟ್ಟಿನ ತುಂಡುಗಳ ಮೇಲೆ ಬರೆದುಕೊಂಡು ಬೀದಿಗಿಳಿದರು. ಹತ್ತು ದಿನಗಳೊಳಗೆ ಅದು ತಿದ್ದುಪಡಿಯಾಯಿತು. ಇದು ನನಗೆ ಮೊದಲಿನ ದೃಶ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1938ರಲ್ಲಿ ಮಿರ್ಜಾ ಅವರೂ ಹಿಂದೆ ಸರಿದರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ಮಾತುಕತೆಯಾಗಿ, ಗಂಡಭೇರುಂಡದ ಸಂಸ್ಥಾನಧ್ವಜದ ಜೊತೆಗೆ ತ್ರಿವರ್ಣಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು, ಬಂಧಿತರ ಬಿಡುಗಡೆಯಾಯಿತು. ಗುಂಡೇಟಿನ ವಿಚಾರಣೆಗೆ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಏಪ್ರಿಲಿನಲ್ಲಿ ಗುಂಡು ತಿಂದ ಬಟ್ಟೆಗೆ ಮೇ ತಿಂಗಳಲ್ಲಿ ಅನುಮತಿ. ಒಂದು ತಿಂಗಳು ಮೊದಲೇ ಈ ವಿವೇಕ ಮೂಡಿದ್ದರೆ ಎಂದು ತಾತನ ಪಕ್ಕದಲ್ಲಿ ಬಿದ್ದವನ ಮನೆಯವರು ಅಂದುಕೊಂಡಿರಲಾರರೇ?

ಖಾರ್ಕಿವ್‌ನಲ್ಲಿ ಈಗ ಮಕ್ಕಳು ನೆಲದಡಿಯಲ್ಲಿ ಓದುತ್ತಾರೆಂಬ ಸುದ್ದಿಯನ್ನು ಓದಿದಾಗ ಹಳೆಯ ಶಿಕ್ಷಕಿಯಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮೆಟ್ರೋ ನಿಲ್ದಾಣಗಳೊಳಗೆ ತರಗತಿಗಳನ್ನು ತೆರೆದರು. ಮರುವರ್ಷ ಪೂರ್ತಿ ನೆಲದಡಿಯ ಶಾಲೆಯನ್ನೇ ಕಟ್ಟಿದರು. ಕಿಟಕಿಯಿಲ್ಲದ ತರಗತಿಯಲ್ಲಿ ಹೊರಗೆ ನೋಡಬೇಡ ಎಂದು ಯಾವ ಮಗುವನ್ನು ಗದರಿಸುವುದು?

ಹುಡುಗಿ ಈಗ ಬೇರೊಂದು ದೇಶದಲ್ಲಿ ವೈದ್ಯಕೀಯ ಓದು ಮುಗಿಸಿದ್ದಾಳೆ. ಹೋದ ಸಲ ರಜೆಗೆ ಬಂದಾಗ ಅವಳೇ ಕೇಳಿದಳು, ವಿದುರಾಶ್ವತ್ಥಕ್ಕೆ ಹೋಗೋಣ ಎಂದು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಗೌರಿಬಿದನೂರಿನಿಂದ ಆಟೋ ಹಿಡಿದು ಹೋದೆವು. ವೀರಸೌಧದ ಚಿತ್ರಗಳ ಮುಂದೆ ಅವಳು ಹೆಚ್ಚು ನಿಲ್ಲಲಿಲ್ಲ. ಹೊಳೆಯ ಕಡೆ ನೋಡಿ, ‘ಮುತ್ತಾತ ಈ ಕಡೆಯಿಂದಲೇ ಓಡಿದ್ದಾ?’ ಎಂದಳು. ಇರಬಹುದು ಎಂದೆ.

ಸ್ಮಾರಕದ ಕಲ್ಲಿನ ಫೋಟೋ ತೆಗೆದು ಅವಳು ಖಾರ್ಕಿವ್‌ಗೆ ಕಳುಹಿಸಿದಳು. ಮೇಲ್ವಿಚಾರಕಿ ಈಗಲೂ ಅದೇ ಹಾಸ್ಟೆಲಿನಲ್ಲಿದ್ದಾರೆ; ಒಡೆದ ಕಿಟಕಿಗಳಿಗೆ ಹಲಗೆ ಹೊಡೆಸಿದ್ದಾರಂತೆ. ನಾವು ಅರಳಿಕಟ್ಟೆಯ ನೆರಳಿನಲ್ಲಿ ಕೂತು ಪುರಿ ತಿನ್ನುತ್ತಿದ್ದಾಗ ಉತ್ತರ ಬಂತು. ಅಕ್ಷರ ತನಗೆ ಓದಲು ಬಾರದು, ಎಷ್ಟು ಜನರ ಹೆಸರಿದೆ ಎಂದು ಕೇಳಿದ್ದರು.

ಹುಡುಗಿ ಪುರಿಯ ಪೊಟ್ಟಣವನ್ನು ನನ್ನ ಕೈಗಿತ್ತು ಎದ್ದು ಹೋದಳು. ಕಲ್ಲಿನ ಮುಂದೆ ನಿಂತು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಎಣಿಸತೊಡಗಿದಳು.