ದಗ್ಗಾ ಕೇಳವಲ್ದು

ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ದಪ್ಪ ದನಿಯ ವಾದ್ಯಕ್ಕೆ ನಮ್ಮ ರೋಣದ ಕಡೆ ‘ದಗ್ಗಾ’ ಎನ್ನುತ್ತಾರೆ. ಬಲಗೈಯ ತಬಲಾ ಚುರುಕಾಗಿ ಮಾತಾಡುತ್ತದೆ, ದಗ್ಗಾ ಹೂಂ ಎನ್ನುತ್ತದೆ. ಆ ಹೂಂ ಇಲ್ಲದಿದ್ದರೆ ಭಜನೆ ನೆಲ ಬಿಟ್ಟ ಹಾಗೆ. ನಮ್ಮಪ್ಪ ನಲವತ್ತು ವರ್ಷ ಊರ ಭಜನೆಯಲ್ಲಿ ತಬಲಾ ನುಡಿಸಿದವರು. ಈಗಿನ ಹುಡುಗರು ಕಾರಿನ ಹಾಡಿಗೆ ‘ಬೇಸ್ ಇಲ್ಲ’ ಅಂತಾರಲ್ಲ, ಅದನ್ನೇ ಅವರು ಹಿಂದಿನ ಸೀಟಿನಲ್ಲಿ ಕೂತು ತಮ್ಮ ಮಾತಿನಲ್ಲಿ ಹೇಳಿದ್ದರು: “ತಮ್ಮಾ, ದಗ್ಗಾ ಕೇಳವಲ್ದು.”

ಮನೆಯಲ್ಲಿ ಈ ಮಾತಿಗೆ ಎಲ್ಲರೂ ಗಾಬರಿಯಾದರು. ಅಪ್ಪನಿಗೆ 76 ವರ್ಷ. ಎರಡು ವರ್ಷದಿಂದ ಕಿವಿ ಮಂದವಾಗುತ್ತ ಬಂದಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಏರುದನಿಗಳನ್ನು. ಸ, ಶ, ತ, ಕ ಇಂಥ ವ್ಯಂಜನಗಳು ಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಅದಕ್ಕೇ ಇಂಥವರು “ದನಿ ಕೇಳತೈತಿ, ಮಾತು ತಿಳಿಯವಲ್ದು” ಅನ್ನುತ್ತಾರೆ. ನಾವು ಇನ್ನಷ್ಟು ಜೋರಾಗಿ ಕೂಗುತ್ತೇವೆ, ಅವರು ಸಿಟ್ಟಾಗುತ್ತಾರೆ. ಮೊಮ್ಮಗಳ ಕೀಚಲು ಮಾತು ಅಪ್ಪನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಉಳಿದದ್ದು ತಂಬೂರಿಯ ಗುಂಗು, ದಗ್ಗಾದ ಗುಮಕಿ, ಭೀಮಸೇನ ಜೋಶಿಯವರ ಮಂದ್ರ. ಈಗ ದಗ್ಗಾವೂ ಕೇಳದು ಅಂದರೆ? ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ದಾರಿ ತೋರಿಸಿದವರು ಅಪ್ಪನೇ. ಅವತ್ತು ಸಂಜೆ ಹಳೆಯ ಟೇಪ್ ರೆಕಾರ್ಡರ್ ಒರೆಸಿ, ಜೋಶಿಯವರ ದಾಸವಾಣಿ ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ ಕೂತರು. ಒಂದು ಬದಿ ಮುಗಿದ ಮೇಲೆ ತೀರ್ಪು ಕೊಟ್ಟರು: “ಮನ್ಯಾಗ ಕೇಳತೈತಿ. ಗಾಡ್ಯಾಗಷ್ಟ ಇಲ್ಲ. ನನ್ನ ಕಿವಿ ಬಿಡ, ನಿನ್ನ ಗಾಡಿ ಕಿವಿ ನೋಡ.”

ಜೋಶಿಯವರೇ ಯಾಕೆ ಎಂದು ರೋಣದವರನ್ನು ಕೇಳಬಾರದು. 1922ರಲ್ಲಿ ಅವರು ಹುಟ್ಟಿದ್ದು ನಮ್ಮೂರಲ್ಲಿ ಎಂಬ ಹೆಮ್ಮೆ ಇಲ್ಲಿ ಚಹಾದ ಅಂಗಡಿಯವರೆಗೂ ಇದೆ. ಅವರಿಗೆ ಹಾಡಿನಷ್ಟೇ ಕಾರಿನ ಹುಚ್ಚೂ ಇತ್ತು. ಕಚೇರಿಗಳಿಗೆ ತಾವೇ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು, ಎಂಜಿನ್ನಿನ ರಿಪೇರಿ ಚೆನ್ನಾಗಿ ಬಲ್ಲವರಾಗಿದ್ದರು. ಅಂಥವರ ಹಾಡನ್ನು ಕಾರಿನಲ್ಲೇ ಸರಿಯಾಗಿ ಕೇಳಲಾಗದಿದ್ದರೆ ಹೇಗೆ?

ಕೆಲಸಕ್ಕೆಂದು ಪಟ್ಟಣಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ತೋರಿಸಿದೆ. ಹುಡುಗ ಎರಡು ನಿಮಿಷ ಕೇಳಿ, “ಸ್ಪೀಕರ್ ಸಣ್ಣವು ಸರ್, ಆಂಪ್ಲಿಫೈಯರ್ ಹಾಕಿ, ಹಿಂದ ಒಂದು ಬೇಸ್ ಡಬ್ಬಿ ಇಡೂಣು, 18 ಸಾವಿರದಾಗ ಮುಗೀತೈತಿ” ಅಂದ. ಅವನ ಕಸುಬು ಅದು, ತಪ್ಪೆನ್ನಲಾರೆ. ಆದರೆ ಎರಡು ತಿಂಗಳ ಹಿಂದೆ ಇದೇ ಸಣ್ಣ ಸ್ಪೀಕರುಗಳಲ್ಲೇ ಅಪ್ಪ ತೊಡೆ ತಟ್ಟುತ್ತ ಹಾಡು ಕೇಳಿದ್ದರು. ಮೊದಲಿನಿಂದಲೂ ಇಲ್ಲದ್ದು ಕೊರತೆ, ಇದ್ದು ಹೋದದ್ದು ಕೆಡುಕು. ಕೊರತೆಗೆ ದುಡ್ಡು ಬೇಕು, ಕೆಡುಕಿಗೆ ಹುಡುಕಾಟ ಸಾಕು. ವಾಪಸ್ ಬಂದೆ.

ಭಾನುವಾರ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ, ಎಂಟನೇ ಇಯತ್ತೆಯ ಮಗಳನ್ನು ಜೊತೆಗಿಟ್ಟುಕೊಂಡು ಕೂತೆ. ಮೊದಲು ಸ್ಟೀರಿಯೋದ ಗುಂಡಿಗಳು. ಬೇಸ್ ಇಳಿಸಿಟ್ಟಿಲ್ಲ. ದನಿಯನ್ನು ಹಿಂದೆ ಮುಂದೆ ಹಂಚುವ ಫೇಡರ್ ನಡುವೆಯೇ ಇದೆ. ‘ಎಚ್‌ಪಿಎಫ್’ ಎಂಬುದೊಂದಿರುತ್ತದೆ. ಬೇರೆ ಬೇಸ್ ಡಬ್ಬಿ ಇದ್ದವರು ಬಾಗಿಲಿನ ಸಣ್ಣ ಸ್ಪೀಕರುಗಳಿಗೆ ದಪ್ಪ ದನಿ ಹೋಗದಂತೆ ತಡೆಯಲು ಅದನ್ನು ಹಾಕುತ್ತಾರೆ. ಡಬ್ಬಿ ಇಲ್ಲದವರ ಕಾರಿನಲ್ಲಿ ಅದು ಚಾಲೂ ಇದ್ದರೆ ದಗ್ಗಾ ಮಾಯ. ನಮ್ಮದರಲ್ಲಿ ಅದೂ ಬಂದ್ ಇತ್ತು.

ಆಮೇಲೆ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಎಡ ಬಾಗಿಲಿನ ಸ್ಪೀಕರ್ ಒಂದೇ ಹಾಡಿತು. ದಗ್ಗಾ ಇತ್ತು! ಪೂರ್ತಿ ಬಲಕ್ಕೆ ತಿರುಗಿಸಿದರೆ ಅಲ್ಲೂ ಇತ್ತು. ನಡುವೆ ತಂದು ಎರಡನ್ನೂ ಕೂಡಿಸಿದ ಕೂಡಲೇ ಹೋಯಿತು. ಮಗಳು ಹುಬ್ಬೇರಿಸಿದಳು. “ಅಪ್ಪಾ, ಎರಡು ಕೂಡಿದ್ರ ಜಾಸ್ತಿ ಆಗಬೇಕಲ್ಲ? ಕಡಿಮಿ ಹೆಂಗ ಆಕೈತಿ?”

ರೋಗ ಇದ್ದದ್ದೇ ಅಲ್ಲಿ. ಸ್ಪೀಕರ್ ಎಂದರೆ ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಬಟ್ಟಲು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಇದಕ್ಕೊಂದು ಗಟ್ಟಿ ರೂಪ ಕೊಟ್ಟರು, ಇಂದಿಗೂ ಮೂಲ ಅದೇ. ಕರೆಂಟು ಒಂದು ದಿಕ್ಕಿಗೆ ಹರಿದರೆ ಬಟ್ಟಲು ಹೊರಗೆ ಬಂದು ಗಾಳಿಯನ್ನು ತಳ್ಳುತ್ತದೆ, ತಿರುಗಿ ಹರಿದರೆ ಒಳಗೆ ಹೋಗಿ ಎಳೆಯುತ್ತದೆ. ಒಂದು ಬಾಗಿಲಿನಲ್ಲಿ ಪ್ಲಸ್ ಮೈನಸ್ ತಂತಿಗಳು ಅದಲುಬದಲಾದರೆ, ಒಂದು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತಿರುತ್ತದೆ. ಗಾಳಿ ಅತ್ತಿಂದಿತ್ತ ಸರಿದು ಸುಮ್ಮನಾಗುತ್ತದೆ.

ಹಾಗಾದರೆ ತಬಲಾದ ಚುರುಕು ದನಿ ಯಾಕೆ ಉಳಿಯಿತು? ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ದಗ್ಗಾದಂಥ ದಪ್ಪ ದನಿ ಸೆಕೆಂಡಿಗೆ ನೂರು ಸಲದ ಆಸುಪಾಸು ಕಂಪಿಸುತ್ತದೆ ಎಂದುಕೊಂಡರೆ ಅದರ ಒಂದೊಂದು ಅಲೆ 3.4 ಮೀಟರ್ ಉದ್ದ. ಕಾರಿನ ಅಗಲ ಅದರ ಅರ್ಧವೂ ಇಲ್ಲ. ಹೀಗಾಗಿ ಎರಡು ಬಾಗಿಲಿನ ಅಲೆಗಳು ಒಳಗೆಲ್ಲ ಎದುರುಬದುರಾಗಿಯೇ ಸಿಕ್ಕು ಒಂದನ್ನೊಂದು ನುಂಗುತ್ತವೆ. ಸೆಕೆಂಡಿಗೆ 3,400 ಸಲ ಕಂಪಿಸುವ ತೆಳುದನಿಯ ಅಲೆ ಹತ್ತೇ ಸೆಂಟಿಮೀಟರ್. ಅದು ಒಂದು ಕಡೆ ಅಳಿದರೆ ಗೇಣು ಆಚೆ ಕೂಡುತ್ತದೆ, ಒಟ್ಟಿನಲ್ಲಿ ನಷ್ಟ ಗೊತ್ತಾಗುವುದಿಲ್ಲ. ಆ ತೆಳುದನಿ ಕೇಳುವ ನನಗೆ ಹಾಡು ಬರೀ ಸಪ್ಪೆಯಾಗಿತ್ತು. ದಪ್ಪ ದನಿಯೊಂದನ್ನೇ ನಂಬಿದ ಅಪ್ಪನಿಗೆ ಹಾಡೇ ಇರಲಿಲ್ಲ.

ಎಡ ಬಾಗಿಲಿನ ಮೇಲೆಯೇ ಅನುಮಾನ. ಕಡಲೆ ರಾಶಿಯ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ತಾಗಿ ನೆಗ್ಗಿದ್ದ ಆ ಬಾಗಿಲನ್ನು ಗ್ಯಾರೇಜಿನಲ್ಲಿ ಬಿಚ್ಚಿ ತಿದ್ದಿಸಿದ್ದೆವು. ಸ್ಕ್ರೂ ತೆಗೆದು, ಒಳಹಲಗೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿದೆ. ಹೊರಗಿನಿಂದ ತಂದು ಹಾಕಿಸಿದ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಮುಂದಿನ ಎಡಕ್ಕೆ ಬಿಳಿ ತಂತಿ, ಬಲಕ್ಕೆ ಬೂದು, ಕಪ್ಪು ಗೆರೆ ಇದ್ದದ್ದು ಮೈನಸ್. ಆದರೆ ಇಲ್ಲಿ ತುಂಡಾದ ತಂತಿಗಳಿಗೆ ಬೇರೆ ತಂತಿ ಹೊಸೆದು ಕರಿ ಟೇಪು ಸುತ್ತಿದ್ದರು. ಬಣ್ಣ ನೋಡಿ ಹೇಳುವ ಹಾಗಿರಲಿಲ್ಲ.

ಅದಕ್ಕೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಸಾಕು. ಮನೆಯಲ್ಲಿ ಮಾಡುವ ಮಕ್ಕಳಿಗೆ ಒಂದು ಎಚ್ಚರಿಕೆ: ಸ್ಟೀರಿಯೋ ಬಂದ್ ಮಾಡಿ ಅದರ ಕಡೆಯ ತಂತಿಯನ್ನು ಮೊದಲು ಬಿಡಿಸಬೇಕು, ಸೆಲ್ಲನ್ನು ಮುಟ್ಟಿಸಿ ತಕ್ಷಣ ತೆಗೆಯಬೇಕು. ಕಾರಿನ ಬ್ಯಾಟರಿ ತಂಟೆಗೆ ಹೋಗಲೇಬಾರದು. ಎರಡೂ ಬಾಗಿಲಿನ ಸ್ಪೀಕರಿನಿಂದ ಬರುವ ತಂತಿಗಳಿಗೆ ಮಗಳು ಸೆಲ್ ಮುಟ್ಟಿಸಿದಳು. ನಾವು ಪ್ಲಸ್ ಎಂದುಕೊಂಡ ತಂತಿಗೆ ಸೆಲ್ಲಿನ ಪ್ಲಸ್. ಬಲಗಡೆ ‘ಟಪ್’ ಎಂದು ಬಟ್ಟಲು ಹೊರಗೆ ಬಂತು. ಎಡಗಡೆ ಮುಟ್ಟಿಸಿ ಕೂಗಿದಳು: “ಅಜ್ಜಾ, ಇದು ಒಳಗ ಹೋತು!”

ಎರಡು ತಂತಿ ಅದಲು ಮಾಡಿ ಹೊಸ ಟೇಪು ಸುತ್ತಿದ್ದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಅದನ್ನೂ ಅಂಟಿಸಿದೆ. ಅದು ನೀರು ತಡೆಯುವುದಕ್ಕಷ್ಟೇ ಅಲ್ಲ. ಸ್ಪೀಕರಿನ ಮುಖ ತಳ್ಳುವಾಗ ಬೆನ್ನು ಎಳೆಯುತ್ತಿರುತ್ತದೆ. ನಡುವೆ ಸಂದಿಯಿದ್ದರೆ ಎರಡೂ ಗಾಳಿ ಕೂಡಿ ಅಲ್ಲೂ ದಪ್ಪ ದನಿ ಸಾಯುತ್ತದೆ. ನಾವು ಸಣ್ಣವರಿದ್ದಾಗ ರೇಡಿಯೋದ ಬಿಡಿ ಸ್ಪೀಕರನ್ನು ಗಡಿಗೆಯ ಬಾಯಿಗೆ ಕಟ್ಟುತ್ತಿದ್ದೆವು, ದನಿ ಒಮ್ಮೆಲೇ ತುಂಬಿಕೊಳ್ಳುತ್ತಿತ್ತು. ಗಡಿಗೆ ಬೆನ್ನಿನ ಗಾಳಿಯನ್ನು ಹಿಡಿದಿಡುತ್ತಿತ್ತು ಎಂಬುದು ಆಗ ಯಾರಿಗೆ ಗೊತ್ತು!

ಅಪ್ಪನನ್ನು ಕೂರಿಸಿಕೊಂಡು ಅಬ್ಬಿಗೇರಿ ಕಡೆ ಹೊರಟೆ. ಗಾಡಿ ಓಡುವಾಗ ಗಾಲಿಯ ಗುಡುಗು ದಪ್ಪ ದನಿಯನ್ನೇ ಮೊದಲು ಮುಚ್ಚುತ್ತದೆ. ಹಾಗಾಗಿ ಕಿಡಕಿ ಏರಿಸಿ ನಿಧಾನ ನಡೆಸಿದೆ. ಎರಡೂ ಬದಿ ಖಾಲಿ ಎರೆಹೊಲ. ಅಪ್ಪ ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎಡಗೈಯ ಮಣಿಕಟ್ಟು ಸೀಟಿನ ಮೇಲೆ ಒತ್ತಿ ಜಾರುತ್ತಿತ್ತು, ದಗ್ಗಾದಿಂದ ಗುಮಕಿ ತೆಗೆಯುವ ಹಾಗೆ.

ಮರುತಿಂಗಳು ಹುಬ್ಬಳ್ಳಿಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ನಕ್ಷೆಯ ಗೆರೆ ದಪ್ಪ ದನಿಗಳ ಕಡೆ ಚೆನ್ನಾಗಿಯೇ ಇತ್ತು, ತೆಳುದನಿಗಳ ಕಡೆ ಬಾವಿಯ ಮೆಟ್ಟಿಲಿನಂತೆ ಇಳಿದಿತ್ತು. ಯಂತ್ರ ಬೇಡವೆಂದು ವರ್ಷದಿಂದ ಹಟ ಹಿಡಿದಿದ್ದ ಅಪ್ಪ ಅವತ್ತು ತಾವೇ ಕೇಳಿದರು. “ದಗ್ಗಾಕ್ಕ ಬ್ಯಾಡ ಅದು. ಈ ಹುಡುಗಿ ಏನ ಮಾತಾಡತಾಳ ತಿಳೀಬೇಕಲ್ಲ.”

ಎಡ ಬಾಗಿಲು ಬಿಚ್ಚುವಾಗ ಮುರಿದ ಕ್ಲಿಪ್ ಒಂದು ಇನ್ನೂ ಸಿಕ್ಕಿಲ್ಲ. ರಸ್ತೆ ಕೆಟ್ಟಲ್ಲಿ ಒಳಹಲಗೆ ಸಣ್ಣಗೆ ಸದ್ದು ಮಾಡುತ್ತದೆ. ಯಂತ್ರ ಹಾಕಿಕೊಂಡು ಮೊದಲ ಸಲ ಕಾರು ಹತ್ತಿದ ಅಪ್ಪ ಅರ್ಧ ದಾರಿಯಲ್ಲಿ ನನ್ನ ಹೆಗಲು ತಟ್ಟಿ ಕೇಳಿದರು: “ತಮ್ಮಾ, ಆ ಬಾಗಲದಾಗ ಏನದು ಕಿಟಿಕಿಟಿ?”