ಪಾಟ್ಲಿ ಸಪ್ಪಳ

ನನ್ನ ಅತ್ತೆಗೆ ಕಣ್ಣು ಕಾಣುತ್ತಿದ್ದುದು ಅಷ್ಟಕ್ಕಷ್ಟೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಅಂದರೆ ಅವರಿಗೆ ಭಯ. ಭಾಲ್ಕಿಯ ಮನೆಯಲ್ಲಿ ಒಲೆಯ ಎದುರಿನ ಗೋಡೆಗೆ ಒರಗಿ ಕೂತು ಬರೀ ಸಪ್ಪಳದ ಮೇಲೆ ಮನೆ ನಡೆಸುತ್ತಿದ್ದರು. ಹಾಲು ಉಕ್ಕುವುದು, ಬೆಕ್ಕು ಅಟ್ಟ ಹತ್ತುವುದು, ಕೊಡಪಾನ ಅರ್ಧ ತುಂಬಿದ್ದು ಎಲ್ಲ ಅವರಿಗೆ ಕೂತಲ್ಲೇ ತಿಳಿಯುತ್ತಿತ್ತು. 2018ರ ಬೇಸಿಗೆ. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ತಲೆ ಎತ್ತಿ ಕೇಳಿದರು: "ಯವ್ವಾ, ಪಾಟ್ಲಿ ಯಾಕ ಬ್ಯಾರೆ ಸಪ್ಪಳ ಮಾಡ್ಲತ್ತಾವ?"

ನನ್ನ ಕೈ ಅಲ್ಲೇ ನಿಂತಿತು. "ಹಿಟ್ಟು ಹತ್ಯಾದ್ರಿ ಅತ್ತಿ" ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಅಂಗಳದಲ್ಲಿ ನನ್ನ ಗಂಡ ದಾಡಿ ಮಾಡಿಕೊಳ್ಳುತ್ತ ಕೂತಿದ್ದರು. ಎರಡು ತಿಂಗಳ ರಜೆಗೆ ಲೇಹ್‌ನಿಂದ ಬಂದು ಐದು ದಿನವಾಗಿತ್ತು.

ನನ್ನ ಕೈಯಲ್ಲಿದ್ದವು ಒಂದು ಗ್ರಾಮಿನ ಬಂಗಾರದ ಪಾಟ್ಲಿ ಬಳೆ. ಬೀದರಿನ ಅಂಗಡಿಯಲ್ಲಿ ಹಳೆಯ ನಮೂನೆ ನೆನಪಿನಿಂದಲೇ ಹೇಳಿ ಆರಿಸಿ ತಂದಿದ್ದೆ. ಆಗಲೇ ಒಳಮೈ ಕಪ್ಪಾಗಿತ್ತು, ರಾತ್ರಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನಿಜವಾದವು ನಾಲ್ಕು ತೊಲೆ. ಅತ್ತೆ ಮೂವತ್ತು ವರ್ಷ ತಮ್ಮ ಕೈಯಲ್ಲಿ ಹಾಕಿಕೊಂಡು ರೊಟ್ಟಿ ಬಡಿದು, ನನ್ನ ಸೀಮಂತದ ದಿನ ಬಿಚ್ಚಿ ನನಗೆ ಹಾಕಿದ್ದರು. ಆ ಸಪ್ಪಳ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಕಥೆಯಲ್ಲಿ ನಾನು ಕಳೆದ ರೊಕ್ಕದ ಲೆಕ್ಕ ಮುಂದೆ ಬರುತ್ತದೆ. ಆದರೆ ಕಣ್ಣು ಕಾಣದ ಹಿರಿಯಳಿಗೆ 'ಹಿಟ್ಟು ಹತ್ತಿದೆ' ಎಂದ ಆ ಒಂದು ಮಾತು ಇವತ್ತಿಗೂ ನನ್ನನ್ನು ರಾತ್ರಿ ಎಬ್ಬಿಸುತ್ತದೆ.

ನನ್ನ ತವರು ಔರಾದ್ ತಾಲ್ಲೂಕಿನ ಹಳ್ಳಿ. ಪಿಯುಸಿ ಓದಿದ್ದೇನೆ, ಪಾಸ್‌ಬುಕ್ ಓದಲು ಬರುತ್ತದೆ. 1997ರಲ್ಲಿ ಫೌಜಿಗೆ ಸೇರಿದ ಮನುಷ್ಯನನ್ನು ಮದುವೆಯಾದ ಮೇಲೆ ಮನೆಯ ವ್ಯವಹಾರವೆಲ್ಲ ನನ್ನದೇ. ಅವರ ಸಂಬಳ ಬೀಳುವ ಖಾತೆ ಜಂಟಿ, ಎಟಿಎಂ ಕಾರ್ಡು ನನ್ನ ಹತ್ತಿರ. ವಾರಕ್ಕೊಂದೋ ಎರಡೋ ಸಲ, ಸಿಗ್ನಲ್ ಸಿಕ್ಕಾಗ ಫೋನು ಬರುತ್ತಿತ್ತು. ಅವರು "ಎಲ್ಲಾ ಆರಾಮ?" ಅನ್ನುವುದು, ನಾನು "ಎಲ್ಲಾ ಆರಾಮ ಅದ, ನೀವು ಫಿಕರ್ ಮಾಡಬ್ಯಾಡ್ರಿ" ಅನ್ನುವುದು. ಮಗನಿಗೆ ಟೈಫಾಯ್ಡ್ ಆದಾಗಲೂ ಹಾಗೇ ಅಂದಿದ್ದೆ. ಅಲ್ಲಿ ಅವರಿಗೆ ಕೈಕಾಲು ಮರಗಟ್ಟುವ ಚಳಿಯಂತೆ, ಆದರೂ "ಇಲ್ಲಿ ಛಲೋ ಅದ" ಅನ್ನುತ್ತಿದ್ದರು. ಫೌಜಿನ ಮನೆಗಳಲ್ಲಿ ಪ್ರೀತಿ ಹೀಗೇ ಮಾತಾಡುತ್ತದೆ, ಅದು ತಪ್ಪು ಅಂತ ನನಗೆ ಅನ್ನಿಸಿರಲೇ ಇಲ್ಲ.

2016. ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ ವರ್ಷ. ಅದೇ ವರ್ಷ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಜೋಳದ ಡಬ್ಬಿಯಲ್ಲಿ ನಾನು ಮುಚ್ಚಿಟ್ಟಿದ್ದು 42 ಸಾವಿರ, ಎಲ್ಲ ಹಳೇ ನೋಟು. ಕಳ್ಳ ರೊಕ್ಕವಲ್ಲ, ಆರು ವರ್ಷ ತಿಂಗಳ ಖರ್ಚಿನಲ್ಲಿ ಉಳಿಸಿದ್ದು. ಬ್ಯಾಂಕಿಗೆ ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಬರುತ್ತದೆ, ಇವರು ನೋಡಿ ಏನನ್ನುತ್ತಾರೋ ಎಂಬ ಸಂಕೋಚ. ಅಷ್ಟರಲ್ಲಿ ತವರೂರಿನ ಹುಡುಗನೊಬ್ಬ ಬಂದ. ಸಣ್ಣವನಿದ್ದಾಗ ನನ್ನ ಸೊಂಟದ ಮೇಲೆ ಆಡಿದವ. "ಅಕ್ಕಾ, ನಮ್ಮ ಕಂಪನಿಯಾಗ ಹಳೇ ನೋಟೂ ನಡೀತಾವ. ನೂರಕ್ಕ ತಿಂಗಳಿಗಿ ಮೂರು ಬಡ್ಡಿ. ಅಸಲು ಬೇಕಂದಾಗ ಬೇಕಂದಂಗ."

ನೂರಕ್ಕೆ ಮೂರು ನಮ್ಮ ಕಡೆ ಕೇಳಿರದ ದರವಲ್ಲ. ಬಿತ್ತನೆಗೆ ರೊಕ್ಕ ಬೇಕಾದಾಗ ರೈತರು ಸಾವ್ಕಾರನ ಹತ್ತಿರ ಅದೇ ದರಕ್ಕೆ ತರುತ್ತಾರೆ. ಆದ್ದರಿಂದ ನನಗೆ ಅನುಮಾನ ಬರಲಿಲ್ಲ. ಆದರೆ ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು. ನನಗೆ ಮೂರು ಕೊಡಬೇಕಾದವ ಅದನ್ನು ಯಾರಿಗೆ ನಾಲ್ಕಕ್ಕೆ ಕೊಟ್ಟಾನು, ಆ ನಾಲ್ಕು ತೀರಿಸುವಂಥ ಯಾವ ಧಂದೆ ಬೀದರ್ ಜಿಲ್ಲೆಯಲ್ಲಿದೆ? ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಪ್ರತಿ ತಿಂಗಳು ಐದನೇ ತಾರೀಖಿಗೆ 1,260 ರೂಪಾಯಿ ಕೈಗೆ ಬರುತ್ತಿತ್ತು, ಹೊಸ ನೋಟು. ಅದು ನನ್ನದೇ ರೊಕ್ಕ, ಇಲ್ಲವೆ ನನ್ನ ನಂತರ ಬಂದವರ ರೊಕ್ಕ, ಬಡ್ಡಿಯ ಹೆಸರಿನಲ್ಲಿ ತಿರುಗಿ ಬರುತ್ತಿದ್ದುದು ಅಂತ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ನಾಲ್ಕು ತಿಂಗಳು ಬಡ್ಡಿ ಸರಿಯಾಗಿ ಬಂದ ಮೇಲೆ ಧೈರ್ಯ ಬಂತು. ಸಂಬಳದ ಖಾತೆಯಿಂದ ಮೂರು ಕಂತಿನಲ್ಲಿ 1 ಲಕ್ಷ 20 ಸಾವಿರ ತೆಗೆದೆ. ಪಾಟ್ಲಿ ಅಡವಿಟ್ಟು 85 ಸಾವಿರ ತಂದೆ. ಬಂಗಾರದ ಸಾಲದ ಬಡ್ಡಿ ಕಟ್ಟಿಯೂ ಕೈಯಲ್ಲಿ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಪಾಟ್ಲಿ ಬಿಡಿಸಿಕೊಂಡು, ಉಳಿದುದರಲ್ಲಿ ಇವರಿಗೆ ಒಂದು ಮೋಟಾರ್ ಸೈಕಲ್ ಕೊಡಿಸಬೇಕು ಅಂತ ಆಸೆ ಇತ್ತು. ಇಲ್ಲಿಗೇ ನಿಂತಿದ್ದರೂ ಸಾಕಿತ್ತು. ನನ್ನ ನೆಗೆಣ್ಣಿ ಆ ವರ್ಷ ಸರ್ಕಾರಿ ಖರೀದಿ ಕೇಂದ್ರದ ಮುಂದೆ ಎರಡು ದಿನ ಪಾಳಿ ಹಚ್ಚಿ, ಕ್ವಿಂಟಲಿಗೆ 5,500ರಂತೆ ಒಂಬತ್ತು ಕ್ವಿಂಟಲ್ ತೊಗರಿ ಮಾರಿದ್ದಳು. ಆ 49,500ಕ್ಕೆ ಐನೂರು ಕೂಡಿಸಿ ಐವತ್ತು ಸಾವಿರ ಮಾಡಿ ನನ್ನ ಸೆರಗಿಗೆ ಹಾಕಿದಳು. "ನೀ ಇಟ್ಟೀ ಅಂದ್ಮ್ಯಾಲ ನಂದೇನು ಅಂಜಿಕಿ ಅಕ್ಕಾ" ಅಂದಳು. ಬಾಂಡ್ ಪೇಪರ್ ಅವಳು ಓದಲಿಲ್ಲ. ಓದಿದ್ದು ನನ್ನ ಮುಖ.

2018ರ ಯುಗಾದಿ ಮುಗಿದ ವಾರ ಬೀದರಿನಲ್ಲಿದ್ದ ಆ ಕಂಪನಿಯ ಕಚೇರಿಯ ಶಟರ್ ಇಳಿಯಿತು. ಹುಡುಗನ ಫೋನು ಬಂದ್. ಅವನನ್ನು ಈಗ ಬೈಯಲಾರೆ, ಅವನೂ ತನ್ನ ಅಪ್ಪನ ಹೊಲದ ರೊಕ್ಕ ಅಲ್ಲೇ ಹಾಕಿದ್ದನಂತೆ. ಮುಚ್ಚಿದ ಶಟರ್ ಮುಂದೆ ಬಿಸಿಲಲ್ಲಿ ನಿಂತಿದ್ದೆವು, ಬಹಳ ಮಂದಿ ಹೆಂಗಸರು. ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಒಂದರ ಹಿಂದೆ ಒಂದು ಹಾರಿದವು. ಬೀದರಿನಲ್ಲಿ ಅದು ದಿನದ ಸದ್ದು, ಯಾರೂ ತಲೆ ಎತ್ತುವುದಿಲ್ಲ. ಅವತ್ತು ನಾನು ಎತ್ತಿ ನೋಡಿದೆ, ಯಾಕೋ ಅಲ್ಲಿಂದ ಇವರು ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡೆ. ಬಡ್ಡಿ ಕಟ್ಟದೆ ಬಂಗಾರವೂ ಹರಾಜಾಯಿತು. ಹರಾಜಿನ ನೋಟಿಸು ಮನೆಗೇ ಬಂದಿತ್ತು. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ಯಾರ ಹತ್ತಿರವೂ ಓದಿಸದೆ ಕುಂಕುಮದ ಪೆಟ್ಟಿಗೆಯ ತಳದಲ್ಲಿ ಮಡಚಿ ಇಟ್ಟಿದ್ದೆ. ಓದಿಸಿದ್ದರೆ ಇನ್ನೂ ದಿನ ಇದ್ದವು.

ಪಾಟ್ಲಿಯ ಮಾತು ಬಂದ ಎಂಟನೇ ದಿನ ಮೊದಲು ಅತ್ತೆಗೆ ಹೇಳಿದೆ. ಅವರು ನನ್ನ ಕೈ ಹಿಡಿದು, ಮಣಿಕಟ್ಟಿನ ಸುತ್ತ ಬೆರಳಾಡಿಸಿ, ಆ ಎರಡೂ ಬಳೆಗಳನ್ನು ತಾವೇ ಬಿಚ್ಚಿದರು. "ಗಾಜಿನವು ಹಾಕ್ಕೊ" ಅಂದರು. ಅಷ್ಟೇ. ಆಮೇಲೆ ಮಗನನ್ನು ಕೂಗಿದರು.

ಇವರು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೇಳಿದ್ದು ಒಂದೇ: "ತಮ್ಮನ ಹೆಂಡತಿದು ಎಷ್ಟದ?" ಆಮೇಲೆ ಕರೀ ಟ್ರಂಕು ತೆಗೆದು, ನಾಲ್ಕಾಗಿ ಮಡಚಿದ ಒಂದು ಕಾಗದ ನನ್ನ ಮುಂದೆ ಬಿಡಿಸಿದರು. ಸಂಬಳದ ಚೀಟಿ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅವತ್ತೇ ಮೊದಲು. ಖಾತೆಗೆ ಬೀಳುವುದೇ ಸಂಬಳ ಅಂದುಕೊಂಡಿದ್ದೆ. ಅದರಲ್ಲಿ ಕಡಿತದ ಸಾಲಿನಲ್ಲಿ ಎಎಫ್‌ಪಿಪಿ ಫಂಡ್ ಅಂತ ಒಂದಿತ್ತು. ಜವಾನರ ಭವಿಷ್ಯ ನಿಧಿ ಅದು. ಆಗ ವರ್ಷಕ್ಕೆ ಏಳೂವರೆ ಶೇಕಡಾ ಮೇಲೆ ಬಡ್ಡಿ, ಸರ್ಕಾರದ ಹೊಣೆ. ಬರೆದುಕೊಟ್ಟರೆ ತಿಂಗಳಿಗೆ ಇನ್ನೂ ಹೆಚ್ಚು ಕಟ್ಟಬಹುದಿತ್ತು. ಇನ್ನೊಂದು ಸಾಲು ಆರ್ಮಿ ಗ್ರೂಪ್ ಇನ್ಶೂರೆನ್ಸ್, 1976ರಿಂದ ನಡೆದು ಬಂದ ವಿಮೆ. ಸೇವೆಯಲ್ಲಿದ್ದಾಗ ಹೆಚ್ಚುಕಮ್ಮಿಯಾದರೆ ಮನೆಯವರಿಗೆ, ಇಲ್ಲವಾದರೆ ನಿವೃತ್ತಿಯ ದಿನ ಅವರ ಕೈಗೆ. ನಾನು ಭಾಲ್ಕಿಯ ಬಿಸಿಲಲ್ಲಿ ರೊಕ್ಕ ಬೆಳೆಸಲು ಜಾಗ ಹುಡುಕುತ್ತಿದ್ದಾಗ, ಜಾಗ ಅವರ ಟ್ರಂಕಿನಲ್ಲಿ ಮಡಚಿಕೊಂಡು ಕೂತಿತ್ತು. "ನಿನಗ ಯಾಕ ತಲಿಬ್ಯಾನಿ ಅಂತ ನಾ ಹೇಳಲಿಲ್ಲ" ಅಂದರು. ನಾನೂ ಅದಕ್ಕೇ ಹೇಳಿರಲಿಲ್ಲ.

ಅದೇ ಫಂಡಿನಿಂದ ರೊಕ್ಕ ತೆಗೆದು ನೆಗೆಣ್ಣಿಯ ಐವತ್ತು ಸಾವಿರ ಮೊದಲು ಮುಟ್ಟಿಸಿದೆವು. ಕೊಡಲು ನಾನೇ ಹೋದೆ. ಅವಳು ಎಣಿಸದೆ ಒಳಗಿಟ್ಟು ಚಹಾ ಕೊಟ್ಟಳು. ಆದರೆ ಆ ದಿನದಿಂದ ಅವಳು ನನಗೆ ತನ್ನ ಮನೆಯ ಯಾವ ಲೆಕ್ಕವನ್ನೂ ಹೇಳುವುದಿಲ್ಲ. ಅದು ನ್ಯಾಯವೇ.

ಉಳಿದದ್ದಕ್ಕೆ ಪೊಲೀಸ್ ದೂರು, ಅರ್ಜಿ. ಠೇವಣಿದಾರರ ಹಿತ ಕಾಯಲು ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಕಂಪನಿಯ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹಂಚುವ ದಾರಿ ಅದು. ದಾರಿ ಉದ್ದ. ಮೂಲ ಬಾಂಡು, ರಸೀದಿ ಇಲ್ಲದಿದ್ದರೆ ಅದರಲ್ಲಿ ಕಾಲಿಡುವುದೇ ಕಷ್ಟ. 42 ಸಾವಿರಕ್ಕೆ ನನ್ನ ಹತ್ತಿರ ರಸೀದಿಯೇ ಇರಲಿಲ್ಲ. ಬ್ಯಾಂಕು ಮುಳುಗಿದರೆ ಠೇವಣಿಗೆ ವಿಮೆ ಇರುತ್ತದೆ, ಆಗ ಒಂದು ಲಕ್ಷದವರೆಗೆ, 2020ರ ಫೆಬ್ರವರಿಯಿಂದ ಐದು ಲಕ್ಷದವರೆಗೆ. ನಾನು ಇಟ್ಟದ್ದು ಬ್ಯಾಂಕೇ ಅಲ್ಲ. ಕಚೇರಿಯ ಬೋರ್ಡಿನಲ್ಲಿ 'ಫೈನಾನ್ಸ್' ಅಂತ ಇದ್ದರೆ ಬ್ಯಾಂಕಿನ ತಮ್ಮ ಅಂದುಕೊಂಡಿದ್ದೆ. ಇಲ್ಲಿಯವರೆಗೆ ಒಂದು ಪೈಸೆ ಬಂದಿಲ್ಲ.

ಇವರು 2021ರಲ್ಲಿ ಹವಾಲ್ದಾರರಾಗಿ, 24 ವರ್ಷದ ಸೇವೆ ಮುಗಿಸಿ ಬಂದರು. ಅದಕ್ಕೆ ವರ್ಷ ಮೊದಲೇ ಇಬ್ಬರೂ ಕಾಗದ ಹರಡಿಕೊಂಡು ಕೂತೆವು. ಫೌಜಿನ ದಾಖಲೆಯಲ್ಲಿ ನನ್ನ ತವರಿನ ಹೆಸರು, ಆಧಾರ್‌ನಲ್ಲಿ ಮದುವೆಯಲ್ಲಿ ಅಕ್ಕಿ ಮೇಲೆ ಬರೆದಿಟ್ಟ ಹೆಸರು. ಹೀಗೇ ಬಿಟ್ಟಿದ್ದರೆ ನಾಳೆ ಕುಟುಂಬ ಪಿಂಚಣಿಗೆ ನಾನೇ ಬೇರೆಯವಳಾಗುತ್ತಿದ್ದೆ. ಅದನ್ನು ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಪಿಂಚಣಿಯ ಅರ್ಧದವರೆಗೆ ಮಾರಿಕೊಂಡು ಇಡಿಗಂಟು ತರಬಹುದು, ಆದರೆ ಹದಿನೈದು ವರ್ಷ ಆ ಪಾಲು ತಿಂಗಳ ಪಿಂಚಣಿಯಲ್ಲಿ ಕಡಿಮೆ ಬರುತ್ತದೆ. ಅದನ್ನೂ ಲೆಕ್ಕ ಹಾಕಿದೆವು. ಬಂದ ಗಂಟಿನಲ್ಲಿ ದೊಡ್ಡ ಪಾಲು ಅಂಚೆ ಕಚೇರಿಯ ತಿಂಗಳ ಬಡ್ಡಿ ಯೋಜನೆಗೆ ಹೋಯಿತು. ಆಗಿನ ಬಡ್ಡಿ ವರ್ಷಕ್ಕೆ 6.6. ಕೌಂಟರಿನಲ್ಲಿ ಸಹಿ ಮಾಡುವಾಗ ನನ್ನೊಳಗೆ ಆ ಹಳೆಯ ಮೂರು ಇನ್ನೂ ಮಿಸುಕಾಡಿತು ಅಂತ ಒಪ್ಪಿಕೊಳ್ಳುತ್ತೇನೆ. ಆಸೆ ಒಮ್ಮೆ ಸುಟ್ಟರೆ ಸಾಯುವಂಥದ್ದಲ್ಲ.

ಅತ್ತೆ ಈಗಿಲ್ಲ. ಕೊನೆಗೆ ಒಂದು ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡರು. ಪಟ್ಟಿ ಬಿಚ್ಚಿದ ದಿನ ಮೊದಲು ಮಗನ ಮುಖ ನೋಡಿದರು, ಮೊಮ್ಮಕ್ಕಳ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿ, ಹಸಿರು ಬಳೆ ಎಣಿಸಿ, "ಒಂದು ಒಡದಾದ, ಶುಕ್ರವಾರ ಬಳೆಗಾರ ಬಂದಾಗ ಹಾಕಿಸ್ಕೊ" ಅಂದರು.